ನಾಯಿಗೂ ಬಿಡಾರವುಂಟು

ಮದ್ದೂರೆಂದೊಡನೆ ವಾಚಕರಿಗೆ ವಡೆಯ ನೆನಪಾಗುವುದು ಸಹಜ. ರೈಲುಬಂಡಿಯು ಮದ್ದೂರಿನ ನಿಲ್ದಾಣವನ್ನು ಸಮೀಪಿಸುತ್ತಿರುವಾಗಲೇ ಕಿಟಕಿಯ ಬಳಿ ಕುಳಿತವರು ಚಿಲ್ಲರೆ ಕಾಸಿಗಾಗಿ ಜೇಬು ತಡವುವುದನ್ನು ನಾನು ಬಾಲ್ಯದಿಂದಲೂ ನೋಡುತ್ತ ಬಂದವನು. ಆದರೆ ಈ ತಾಲ್ಲೂಕಿಗೆ ವಡೆಗಿಂತ ಬಹು ಪ್ರಾಚೀನವಾದ ಕೀರ್ತಿಯೊಂದುಂಟು. ಅದು ಒಂದು ನಾಯಿಯ ಕೀರ್ತಿ. ಆ ನಾಯಿಯ ಹೆಸರು ಕಾಳಿ.

ಕ್ರಿ. ಶ. 949ರ ಸುಮಾರಿನಲ್ಲಿ ತಕ್ಕೋಲವೆಂಬಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನ ಸೈನ್ಯಕ್ಕೂ ಚೋಳ ರಾಜಕುಮಾರ ರಾಜಾದಿತ್ಯನ ಸೈನ್ಯಕ್ಕೂ ಘೋರವಾದ ಯುದ್ಧವು ನಡೆಯಿತು. ಗಂಗರಾಜನಾದ ಇಮ್ಮಡಿ ಬೂತುಗನು ಕೃಷ್ಣನ ಪಕ್ಷದಲ್ಲಿ ಹೋರಾಡಿದನು. ರಾಜಾದಿತ್ಯನು ರಣದಲ್ಲಿ ಮಡಿದನು. ಬೂತುಗನ ಕಡೆಯ ವೀರನಾದ ಮಣಲೆರನ ಪರಾಕ್ರಮವನ್ನು ಮೆಚ್ಚಿದ ಒಡೆಯನು, ಬೇಕಾದುದನ್ನು ಬೇಡಿಕೋ ಎಂದಾಗ, ಆ ಮಹಾನುಭಾವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಕೇಳಿಕೊಂಡನು. ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಡಲು, ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಒಟ್ಟಿಗೆ ಸತ್ತುವು. ಮಣಲೆರನು ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ತನ್ನ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿಯನ್ನು ಬಿಟ್ಟನು. ಗುಡಿಯ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪವು ಅವನನ್ನು ಸೇರುವುದೆಂದು ಶಾಸನದಲ್ಲಿ ವಿಧಿಸಿದ್ದಾನೆ. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯು ಹಂದಿಯೊಡನೆ ಸೆಣಸುವ ಚಿತ್ರವನ್ನು ಕಡೆದಿದೆ.

ಫ್ಲೀಟ್ ಎಂಬ ವಿದ್ವಾಂಸರು ಈ ಶಾಸನವನ್ನು ಎಪಿಗ್ರಾಫಿಯಾ ಇಂಡಿಕಾ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ತಕ್ಕೋಲದ ಯುದ್ಧದ ವಿವರಕ್ಕಾಗಿ ಚರಿತ್ರಕಾರರು ಇಂದಿಗೂ ಆಶ್ರಯಿಸುವುದು ಈ ನಾಯಿಯ ಕಲ್ಲನ್ನೇ. ನಾನು ಉಪಾಧ್ಯಾಯನಾಗಿದ್ದಾಗ ಹುಡುಗರನ್ನು ಕಟ್ಟಿಕೊಂಡು ಎರಡು ಬಾರಿ ಆತಕೂರಿಗೆ ಹೋಗಿದ್ದೆನು. ಕಲ್ಲು ಅಲ್ಲಿಲ್ಲ, ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯವನ್ನು ಸೇರಿ ಬಹುಕಾಲವಾಯಿತು. ಹುಡುಗರು ನಿರಾಶರಾಗಿ, "ಸಾರ್, ಬರೀ ನಾಯಿಗೆ ಇಷ್ಟೊಂದಾ?" ಎಂದು ಕೇಳಿದರು. ಆಗ ನನ್ನಲ್ಲಿಯೂ ಸರಿಯಾದ ಉತ್ತರವಿರಲಿಲ್ಲ. ಶಾಸನದ ಭಾಷೆಯನ್ನು ಕುರಿತು ಏನೋ ಹೇಳಿ ಮುಗಿಸಿದೆನು.

ಏಕೆಂದರೆ, ನಿಜವನ್ನು ಮುಚ್ಚಿಟ್ಟು ಫಲವೇನು, ನನಗೆ ನಾಯಿಯೆಂದರೆ ಆಗುತ್ತಿರಲಿಲ್ಲ. ಆಚಾರದ ಮನೆಯಲ್ಲಿ ಬೆಳೆದವನು ನಾನು. ನಮ್ಮ ತಂದೆಯವರು ವೈಶ್ವದೇವ ಮಾಡಿ, ನಾಯಿಗೂ ಕಾಗೆಗೂ ಬಲಿಯನ್ನವನ್ನು ಇಟ್ಟ ಬಳಿಕವೇ ಊಟಕ್ಕೆ ಕೂಡುತ್ತಿದ್ದರು. ಆದರೆ ಆ ಅನ್ನವನ್ನು ತಿಂದ ನಾಯಿಯು ಹೊಸ್ತಿಲ ಈಚೆಗೆ ಮೂತಿಯಿಟ್ಟರೆ ಮನೆಯನ್ನೆಲ್ಲ ಸಾರಿಸಬೇಕು. ಈ ವಿರೋಧವು ಆಗ ನಮಗಾರಿಗೂ ಹೊಳೆದಿರಲಿಲ್ಲ. ಇದು ಬರಿಯ ಮಡಿಯ ಮಾತಾಗಿದ್ದರೆ ಕಾಲಕ್ರಮದಲ್ಲಿ ಸಡಿಲವಾಗುತ್ತಿತ್ತೇನೊ. ಆದರೆ 1991ನೆಯ ಇಸವಿಯಲ್ಲಿ ನನ್ನ ತರಗತಿಯ ಹುಡುಗನೊಬ್ಬನು ಹುಚ್ಚುನಾಯಿ ಕಡಿತದಿಂದ ತೀರಿಕೊಂಡನು. ಗದ್ದೆಯ ಬದುವಿನಲ್ಲಿ ಬೀದಿನಾಯಿಯೊಂದು ಮೀನಖಂಡವನ್ನು ಕಚ್ಚಿತ್ತು. ತಂದೆ ಹೊಡೆದಾನೆಂಬ ಭಯದಿಂದ ಹುಡುಗನು ಯಾರಿಗೂ ಹೇಳಲಿಲ್ಲ. ಗಾಯಕ್ಕೆ ಸುಣ್ಣ ಹಚ್ಚಿಕೊಂಡು ಸುಮ್ಮನಾದನು. ಎರಡು ತಿಂಗಳಾದ ಮೇಲೆ ಒಂದು ದಿನ ತರಗತಿಯಲ್ಲಿ ನೀರಿನ ಲೋಟವನ್ನು ಕಂಡು ಬೆಚ್ಚಿದನು. ರೋಗವು ಹೊರಗೆ ಕಾಣಿಸಿಕೊಂಡ ಮೇಲೆ ವೈದ್ಯನು ಮಾಡಬಹುದಾದುದು ಬಹುಮಟ್ಟಿಗೆ ಏನೂ ಇಲ್ಲ. ನಾಲ್ಕನೆಯ ದಿನ ಅವನ ಹೆಸರನ್ನು ಹಾಜರಿ ಪುಸ್ತಕದಿಂದ ನಾನೇ ಹೊಡೆದುಹಾಕಿದೆನು. ಶಬ್ದರೂಪಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದ ಹುಡುಗ. ಆ ಬಳಿಕ ಯಾವ ನಾಯಿಯನ್ನು ಕಂಡರೂ ನನ್ನ ಕೈ ಕೋಲನ್ನು ಹುಡುಕುತ್ತಿತ್ತು.

ಹೀಗಿದ್ದವನು ಇಂದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಪಕ್ಕದಲ್ಲಿ, ತನ್ನ ತೆಂಗಿನ ತೋಟದೊಳಗೆ, ನಾಯಿಗಳೊಡನೆ ಬರುವ ಯಾತ್ರಿಕರಿಗಾಗಿ ಎರಡು ಹೆಂಚಿನ ಮನೆಗಳನ್ನು ಬಾಡಿಗೆಗೆ ಕೊಡುತ್ತಿರುವನೆಂದರೆ ಅದರ ಹಿಂದೆ ಒಂದು ಕಥೆಯಿರಲೇಬೇಕಷ್ಟೆ.

ನಾನು ಕೆಲಸದಿಂದ ನಿವೃತ್ತನಾದುದು 2021ರಲ್ಲಿ. ಅದರ ಮರುವರ್ಷ ಮಾಘಮಾಸದ ಒಂದು ರಾತ್ರಿ, ಗಂಟೆ ಹನ್ನೊಂದು ದಾಟಿರಬೇಕು, ಬಾಗಿಲು ಬಡಿದ ಸದ್ದಾಯಿತು. ತೆಗೆದು ನೋಡಿದರೆ ಮಗಳು, ಅಳಿಯ, ಅವರ ಪುಟ್ಟ ಮಗು, ಜೊತೆಗೆ ಕರುವಿನಷ್ಟೆತ್ತರದ ಒಂದು ಹಳದಿ ನಾಯಿ. ಶಿವನಸಮುದ್ರವನ್ನು ನೋಡಲೆಂದು ಬೆಂಗಳೂರಿನಿಂದ ಬಂದವರು ಕಾಯ್ದಿರಿಸಿದ್ದ ವಸತಿಗೃಹದಲ್ಲಿ ನಾಯಿಯನ್ನು ಒಳಗೆ ಬಿಡಲೊಲ್ಲೆವೆಂದರಂತೆ. ಬೇರೆ ಮೂರು ಕಡೆ ವಿಚಾರಿಸಿದರೂ ಅದೇ ಉತ್ತರ. "ನಾಯಿಯನ್ನು ಕಾರಿನಲ್ಲಿಯೇ ಬಿಟ್ಟು ಮಲಗಿ" ಎಂದು ಒಬ್ಬರು ಉಪದೇಶಿಸಿದರಂತೆ. ನನ್ನ ಸ್ವಭಾವವನ್ನು ಬಲ್ಲವರಾದುದರಿಂದ ನಮ್ಮ ಮನೆಗೆ ಬರಲು ಅವರು ಹಿಂದೆಗೆದಿದ್ದರು. ಬೇರೆ ಗತಿಯಿಲ್ಲದೆ ಬಂದರು. ಮಗಳು ಹೊಸ್ತಿಲ ಹೊರಗೇ ನಿಂತು, "ಅಪ್ಪ, ಇದು ಜಗಲಿಯಲ್ಲಿಯೇ ಇರುತ್ತದೆ, ನಾನೂ ಇದರ ಜೊತೆಗೆ ಜಗಲಿಯಲ್ಲಿಯೇ ಮಲಗುತ್ತೇನೆ" ಎಂದಳು.

ನಾನು ಏನನ್ನೋ ಹೇಳಲು ಬಾಯಿ ತೆರೆದೆನು. ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ ಬಂದು, "ಮೂವತ್ತು ವರ್ಷ ಧರ್ಮರಾಜನ ಕಥೆ ಹೇಳಿಕೊಂಡು ಸಂಬಳ ತೆಗೆದುಕೊಂಡಿರಿ, ಈಗ ಬಾಗಿಲು ಬಿಟ್ಟು ಸರಿಯಿರಿ" ಎಂದಳು.

ಮಹಾಪ್ರಾಸ್ಥಾನಿಕ ಪರ್ವದ ಆ ಪ್ರಸಂಗವನ್ನು ವಾಚಕರು ಬಲ್ಲರು. ಸೋದರರೂ ದ್ರೌಪದಿಯೂ ಒಬ್ಬೊಬ್ಬರಾಗಿ ಬಿದ್ದುಹೋದ ಮೇಲೆ ಯುಧಿಷ್ಠಿರನ ಜೊತೆಗೆ ಉಳಿದುದು ಒಂದು ನಾಯಿ ಮಾತ್ರ. ಇಂದ್ರನು ರಥವನ್ನು ತಂದು, ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ಸ್ಥಳವಿಲ್ಲ, ಅದನ್ನು ಬಿಟ್ಟು ಹತ್ತು ಎನ್ನುತ್ತಾನೆ. ನಂಬಿ ಬಂದುದನ್ನು ಬಿಟ್ಟು ಬರುವ ಸ್ವರ್ಗವು ತನಗೆ ಬೇಡವೆಂದು ಧರ್ಮರಾಜನು ನಿಲ್ಲುತ್ತಾನೆ. ನಮ್ಮ ಸೀಮೆಯ ವಸತಿಗೃಹಗಳವರು ಮಾತನಾಡಿದುದು ಇಂದ್ರನ ಮಾತನ್ನೇ. ಅದರಲ್ಲಿ ಅವರದೇನೂ ವಿಶೇಷವಾದ ತಪ್ಪಿಲ್ಲ. ನಾನು ಆಡಲಿದ್ದ ಮಾತೂ ಅದೇ ಆಗಿತ್ತು. ಆ ರಾತ್ರಿ ನಾಯಿಯು ಪಡಸಾಲೆಯಲ್ಲಿ ಮಲಗಿತು. ನಾನು ನಿದ್ರೆಯಿಲ್ಲದೆ ಹೊರಳಾಡಿದೆನು. ಅದು ಗೊರಕೆ ಹೊಡೆಯಿತು.

ಬೆಳಗ್ಗೆ ಅಳಿಯಂದಿರು ಹೇಳಿದರು: "ಮಾವ, ಬೆಂಗಳೂರಿನಲ್ಲಿ ನಮ್ಮಂಥವರು ಎಷ್ಟೋ ಜನ ಇದ್ದಾರೆ. ನಾಯಿಯನ್ನು ಎಲ್ಲಿ ಬಿಡುವುದೆಂಬ ಚಿಂತೆಯಿಂದಲೇ ಊರು ಬಿಟ್ಟು ಹೊರಡುವುದಿಲ್ಲ. ತೋಟದ ಆ ಎರಡು ಮನೆಗಳು ಖಾಲಿ ಬಿದ್ದಿವೆಯಲ್ಲ?" ಒಂದು ನಮ್ಮ ತಂದೆಯವರು ಭತ್ತ ತುಂಬಲು ಕಟ್ಟಿಸಿದ್ದು, ಇನ್ನೊಂದು ಹಿಂದೆ ಗುತ್ತಿಗೆಯವರು ಇದ್ದು ಬಿಟ್ಟುಹೋದದ್ದು. ನನಗೆ ಇದು ಪರಿಹಾಸ್ಯವಾಗಿ ತೋರಿತು. ನನ್ನ ಹೆಂಡತಿಗೆ ಹಾಗೆ ತೋರಲಿಲ್ಲ. ಆರು ತಿಂಗಳೊಳಗೆ ಹೆಂಚು ಕೈಯಾಡಿಸಿ, ಗೋಡೆಗೆ ಸುಣ್ಣ ಹೊಡೆದು, ಕೆಂಪು ಗಾರೆಯ ನೆಲ ಮಾಡಿಸಿ, ಸ್ನಾನದ ಮನೆಗಳನ್ನು ಕಟ್ಟಿಸಿದುದಾಯಿತು. ನನ್ನ ನಿವೃತ್ತಿಯ ಹಣದ ಒಂದು ಭಾಗ ಹೀಗೆ ನಾಯಿಗಳ ಪಾಲಾಯಿತು. ಈಗ ಹೋಂಸ್ಟೇ ಎಂದು ಕರೆಯಲ್ಪಡುವ ಈ ಉದ್ಯೋಗಕ್ಕೆ ಬೇಕಾದ ಕಾಗದಪತ್ರಗಳ ವಿಷಯವನ್ನು ಬರೆದು ವಾಚಕರಿಗೆ ಬೇಸರವನ್ನುಂಟುಮಾಡಲಾರೆನು. ದಿನಕ್ಕೆ ಒಂದು ಮನೆಗೆ 2,200 ರೂಪಾಯಿ ಬಾಡಿಗೆ, ಊಟಕ್ಕೆ ಬೇರೆ. ನಾಯಿಗೆ ಬಾಡಿಗೆಯಿಲ್ಲ; ಇದು ಮನೆಯಾಕೆಯ ಕಟ್ಟಪ್ಪಣೆ.

ದಾರಿಯ ವಿಷಯದಲ್ಲಿಯೂ ಒಂದು ಮಾತು. ಹಿಂದೆ ಬೆಂಗಳೂರು ಮೈಸೂರುಗಳ ನಡುವೆ ಓಡಾಡುವವರೆಲ್ಲರೂ ಮದ್ದೂರು, ಮಂಡ್ಯಗಳ ಪೇಟೆಯೊಳಗೇ ಹಾದುಹೋಗಬೇಕಿತ್ತು. ಇಳಿದು ವಡೆ ತಿಂದು, ಕಾಫಿ ಕುಡಿದು, ಬೆಲ್ಲ ಕೊಂಡು ಹೋಗುತ್ತಿದ್ದರು. 2023ನೆಯ ಮಾರ್ಚಿ 12ರಂದು ಹೊಸ ಹೆದ್ದಾರಿಯ ಉದ್ಘಾಟನೆಯಾದ ಮೇಲೆ ವಾಹನಗಳು ಊರ ಹೊರಗಿನಿಂದಲೇ ಹಾರಿಹೋಗತೊಡಗಿದುವು. ಹಳೆಯ ರಸ್ತೆಯ ಅಂಗಡಿಯವರ ಮುಖ ಬಾಡಿತು. ಈಗ ನಮ್ಮ ಕಡೆಗೆ ಬರುವವನು ಇಲ್ಲಿಗೇ ಬರಬೇಕೆಂದು ಬರುವವನು. ದಾರಿಯಲ್ಲಿ ಸಿಕ್ಕಿತೆಂದು ಬರುವವನಲ್ಲ. ರೈಲಿನಲ್ಲಿ ನಾಯಿಯನ್ನು ತರುವುದೂ ಸುಲಭವಲ್ಲ. ಮೊದಲನೆಯ ದರ್ಜೆಯ ಹವಾನಿಯಂತ್ರಿತ ಕೋಣೆಯನ್ನು ಪೂರ್ತಿಯಾಗಿ ಕಾಯ್ದಿರಿಸದಿದ್ದರೆ ಅದು ಗಾರ್ಡಿನ ಡಬ್ಬಿಯಲ್ಲಿಯೇ ಬರಬೇಕು. ಆದುದರಿಂದ ನಮ್ಮ ಅತಿಥಿಗಳೆಲ್ಲ ಕಾರಿನವರೇ. ತಿಥಿಯಿಲ್ಲದೆ ಬರುವವನು ಅತಿಥಿಯೆಂದು ಹುಡುಗರಿಗೆ ನಿರ್ವಚನ ಹೇಳಿಕೊಟ್ಟಿದ್ದೆನು. ಈಗ ಅತಿಥಿಗಳು ತಿಥಿವಾರ ಗೊತ್ತುಮಾಡಿ ಮುಂಗಡವನ್ನೂ ಕಳುಹಿಸುತ್ತಾರೆ.

ಪಾಣಿನಿಯು ಶ್ವನ್, ಯುವನ್, ಮಘವನ್ ಎಂಬ ಮೂರು ಶಬ್ದಗಳನ್ನು, ಎಂದರೆ ನಾಯಿ, ತರುಣ, ದೇವೇಂದ್ರ ಈ ಮೂವರನ್ನು, ಒಂದೇ ಸೂತ್ರದಲ್ಲಿ ಕಟ್ಟಿಹಾಕಿದ್ದಾನೆ. ವ್ಯಾಕರಣದ ವಿದ್ಯಾರ್ಥಿಗಳು ತಲೆತಲಾಂತರದಿಂದ ಇದನ್ನು ಕುರಿತು ನಕ್ಕಿದ್ದಾರೆ. ನಮ್ಮಲ್ಲಿಗೆ ಬರುವವರೂ ಬಹುಮಟ್ಟಿಗೆ ಈ ಮೂವರೇ: ನಾಯಿ, ಅದನ್ನು ಹಿಡಿದ ತರುಣ ದಂಪತಿಗಳು, ಮತ್ತು ಆಗಾಗ ಎಲ್ಲದರಲ್ಲಿಯೂ ಕೊರತೆಯನ್ನು ಕಾಣುವ ಒಬ್ಬ ದೇವೇಂದ್ರ. ಮೂವರಲ್ಲಿ ತೊಂದರೆ ಕಡಮೆ ಕೊಡುವುದು ಮೊದಲನೆಯದು.

ನಿಯಮಗಳನ್ನು ಮಾಡಿದವನು ನಾನು. ಮೊದಲನೆಯ ನಿಯಮವನ್ನು ಮಾಡಿದುದು ನಾನಲ್ಲ, ಹಾಜರಿ ಪುಸ್ತಕದಲ್ಲಿ ನಾನು ಹೆಸರು ಹೊಡೆದ ಆ ಹುಡುಗ. ರೇಬೀಸ್ ರೋಗದ ವಿರುದ್ಧ ಚುಚ್ಚುಮದ್ದು ಹಾಕಿಸಿದ ಪತ್ರವನ್ನು, ತಾರೀಖು ಮೀರದಿರುವುದನ್ನು, ಕಣ್ಣಾರೆ ನೋಡದೆ ಯಾವ ನಾಯಿಯನ್ನೂ ಗೇಟಿನೊಳಗೆ ಬಿಡುವುದಿಲ್ಲ. ಒಮ್ಮೆ ದೊಡ್ಡ ಅಧಿಕಾರಿಗಳೊಬ್ಬರು, ಪತ್ರ ಮನೆಯಲ್ಲಿದೆ, ನನ್ನ ಮಾತು ಸಾಲದೇ ಎಂದರು. ಸಾಲದೆಂದು ಹೇಳಿ ಕೈಮುಗಿದು ಹಿಂದಕ್ಕೆ ಕಳುಹಿಸಿದೆನು. ಇಷ್ಟೇ ಅಲ್ಲದೆ, ಊರಿನ ಹುಡುಗರನ್ನು ಕೂಡಿಸಿಕೊಂಡು ವರ್ಷಕ್ಕೊಮ್ಮೆ ಹೇಳುತ್ತೇನೆ: ಯಾವ ನಾಯಿ ಕಚ್ಚಿದರೂ, ಪರಚಿದರೂ, ಮೊದಲು ಸೋಪುಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು, ಸುಣ್ಣ, ಮೆಣಸಿನಪುಡಿ, ಹೊಗೆಸೊಪ್ಪು ಏನನ್ನೂ ಹಚ್ಚಕೂಡದು, ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದ ಕಾಲ ಹೋಯಿತು. ಈಗ ತೋಳಿಗೆ ಹಾಕುವ ನಾಲ್ಕೈದು ಸರದಿಯ ಮದ್ದು, ಅದನ್ನು ನಡುವೆ ನಿಲ್ಲಿಸಬಾರದು. ತಂದೆಗೆ ಹೇಳಲು ಹೆದರುವವರು ನನಗೆ ಹೇಳಿರಿ ಎಂದು ಕೊನೆಗೆ ಸೇರಿಸುತ್ತೇನೆ. ಕಳೆದ ವರ್ಷ ಒಬ್ಬ ಹುಡುಗಿ ಹಾಗೆ ಬಂದು ಹೇಳಿದಳು. ಅವಳೀಗ ಆರೋಗ್ಯವಾಗಿದ್ದಾಳೆ.

ಎರಡನೆಯ ನಿಯಮ, ತೋಟದ ಬೇಲಿಯ ಹೊರಗೆ ನಾಯಿಯು ಹಗ್ಗದಲ್ಲಿಯೇ ಇರಬೇಕು. ಪಟ್ಟಣದವರು ಹಳ್ಳಿಯೆಂದರೆ ಬಯಲು, ಬಯಲೆಂದರೆ ಸ್ವೇಚ್ಛೆ ಎಂದು ಭಾವಿಸುತ್ತಾರೆ. ಹಳ್ಳಿಯ ಪ್ರತಿಯೊಂದು ಗೇಣು ನೆಲವೂ ಯಾರದೋ ಬೆವರು. ಅದಲ್ಲದೆ ಅಪಾಯಗಳೂ ಉಂಟು. ಹಿಂದೆ ಇರ್ವಿನ್ ನಾಲೆಯೆನಿಸಿದ್ದ ವಿಶ್ವೇಶ್ವರಯ್ಯ ನಾಲೆಯು ಹುಲಿಕೆರೆಯ ಸುರಂಗವನ್ನು ದಾಟಿ ನಮ್ಮ ಮದ್ದೂರು ಮಳವಳ್ಳಿಗಳನ್ನು ಹಸುರು ಮಾಡಿದೆ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆ ಏರ್ಪಟ್ಟುದೂ ಇದರಿಂದಲೇ. ಆದರೆ ನಾಲೆಯಲ್ಲಿ ನೀರು ಬಿಟ್ಟಾಗ ಅದರ ಗಾರೆಯ ದಡ ಜಾರುತ್ತದೆ. ಇಳಿದ ನಾಯಿ ಮತ್ತೆ ಹತ್ತಲಾರದು, ಅದನ್ನು ಹಿಡಿಯಹೋದ ಮನುಷ್ಯನೂ ಅಷ್ಟೆ. ಕಬ್ಬಿನ ಗದ್ದೆಯಲ್ಲಿ ನಾಗರಹಾವು, ಕೊಳಕುಮಂಡಲಗಳುಂಟು. ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ಕುದಿಯುತ್ತಿರುವಾಗ ಬೆಲ್ಲದ ವಾಸನೆಗೆ ಮೈಮರೆತ ನಾಯಿಯನ್ನು ಹಿಡಿಯುವುದು ಪ್ರಯಾಸ. ಎಲ್ಲಕ್ಕೂ ಮಿಗಿಲಾಗಿ ಚಿರತೆ. ಕಬ್ಬು ಆಳೆತ್ತರ ಬೆಳೆದರೆ ಚಿರತೆಗೆ ಅದೇ ಕಾಡು. ಅದರ ನಾಲಗೆಗೆ ನಾಯಿಯಷ್ಟು ರುಚಿಯಾದ ವಸ್ತು ಬೇರೊಂದಿಲ್ಲ. ಆದುದರಿಂದ ಕತ್ತಲಾದ ಮೇಲೆ ನಾಯಿಯನ್ನು ಜಗಲಿಯಲ್ಲಿ ಕಟ್ಟಕೂಡದು, ಮನೆಯೊಳಗೇ ಮಲಗಿಸಬೇಕು. ನಾಯಿಯನ್ನು ಹೊಸ್ತಿಲ ಈಚೆಗೆ ಸೇರಿಸಬಾರದೆಂದು ಬೆಳೆದವನು ಹೊಸ್ತಿಲ ಆಚೆಗೆ ಬಿಡಬಾರದೆಂದು ನಿಯಮ ಬರೆದೆನು.

ವಡೆಯ ವಿಷಯದಲ್ಲಿಯೂ ನಿಯಮವುಂಟು. ಬಂದವರೆಲ್ಲ ಮದ್ದೂರು ವಡೆಯನ್ನು ತಂದು ತಾವು ತಿನ್ನುತ್ತ, ಪಕ್ಕದಲ್ಲಿ ಆಸೆಗಣ್ಣಿನಿಂದ ಕುಳಿತಿರುವುದಕ್ಕೂ ಒಂದು ಚೂರು ಮುರಿದು ಹಾಕುತ್ತಾರೆ. ಅದರಲ್ಲಿ ಹೇರಳವಾಗಿ ಈರುಳ್ಳಿಯುಂಟು. ಈರುಳ್ಳಿಯು ನಾಯಿಯ ರಕ್ತವನ್ನು ಕೆಡಿಸುತ್ತದೆಂದು ಪಶುವೈದ್ಯರು ಎಚ್ಚರಿಸುತ್ತಾರೆ. ನನ್ನ ಹೆಂಡತಿಯು ಅವುಗಳಿಗೆ ಉಪ್ಪಿಲ್ಲದ ರಾಗಿಮುದ್ದೆಯನ್ನು ಮಾಡಿಕೊಡುತ್ತಾಳೆ. ವಿದೇಶದಿಂದ ಬಂದ ಚೀಲದ ಕಾಳುಗಳನ್ನು ಮಾತ್ರ ತಿಂದು ಬೆಳೆದ ನಾಯಿಗಳು ಎರಡನೆಯ ದಿನಕ್ಕೆ ಮುದ್ದೆಯ ಹೊತ್ತನ್ನು ಕಾಯತೊಡಗುತ್ತವೆ. ಯಜಮಾನರು ಬೆರಗಾಗುತ್ತಾರೆ, ಮಂಡ್ಯದವರಾದ ನಮಗೆ ಇದರಲ್ಲಿ ಬೆರಗೇನೂ ಕಾಣದು.

ಇಷ್ಟೆಲ್ಲ ನಿಯಮಗಳನ್ನು ಮಾಡಿದ ನಾನೇ ಒಂದು ದೊಡ್ಡ ಅನ್ಯಾಯವನ್ನು ಮಾಡಿದೆನು. ಅದನ್ನು ಬರೆಯದೆ ಈ ಲೇಖನವನ್ನು ಮುಗಿಸುವುದು ಪ್ರಾಮಾಣಿಕವಾಗದು.

ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಕುರಿಯ ತಳಿಯು ಪ್ರಸಿದ್ಧವಾದುದು. ಗಿಡ್ಡ ಕಾಲು, ತುಂಬಿದ ಮೈ. ಒಂದೊಂದಕ್ಕೂ ಒಳ್ಳೆಯ ಬೆಲೆ. ನಮ್ಮ ತೋಟಕ್ಕೆ ಹೊಂದಿಕೊಂಡು ಇಂತಹ ಇಪ್ಪತ್ತು ಕುರಿಗಳನ್ನು ಸಾಕಿಕೊಂಡಿರುವ ನೆರೆಯವನೊಬ್ಬನಿದ್ದಾನೆ. ನಾನು ನಾಯಿಗಳನ್ನು ಕರೆಯಿಸಿಕೊಳ್ಳುತ್ತೇನೆಂದು ತಿಳಿದಾಗಲೇ ಅವನು ಬಂದು, "ಮೇಷ್ಟ್ರೇ, ನಿಮ್ ನಾಯ್ಗೋಳು ನನ್ ಕುರಿ ತಂಟೆಗೆ ಬರಂಗಿಲ್ಲ ಕಣ್ರೀ" ಎಂದು ಹೇಳಿಹೋಗಿದ್ದನು. ನಾನು ಮಾತು ಕೊಟ್ಟಿದ್ದೆನು. 2023ರ ಕಾರ್ತಿಕಮಾಸದ ಒಂದು ಬೆಳಗ್ಗೆ ಇನ್ನೂ ಮಂಜು ಬಿಟ್ಟಿರಲಿಲ್ಲ. ಹಟ್ಟಿಯ ಕಡೆಯಿಂದ ಕೂಗು ಕೇಳಿಸಿತು. ಓಡಿಹೋದೆನು. ಬೇಲಿಯ ಬುಡದಲ್ಲಿ ಗಬ್ಬದ ಕುರಿಯೊಂದು ಕತ್ತು ಹರಿದು ಸತ್ತುಬಿದ್ದಿತ್ತು. ಅದರ ಪಕ್ಕದಲ್ಲಿ ನಮ್ಮ ಅತಿಥಿಗಳ ನಾಯಿ, ಬ್ರೂನೋ ಎಂದು ಅದರ ಹೆಸರು, ಕಡಿದ ಹಗ್ಗದೊಡನೆ ನಿಂತು ಬೊಗಳುತ್ತಿತ್ತು. ಅದರ ಮೂತಿಯಲ್ಲಿ ರಕ್ತವಿತ್ತು.

ಇನ್ನೇನು ಸಾಕ್ಷ್ಯ ಬೇಕು? ನೆರೆಯವನ ಕೈಯಲ್ಲಿ ನಾನು ಹನ್ನೆರಡು ಸಾವಿರ ರೂಪಾಯಿಗಳನ್ನಿಟ್ಟು ಕ್ಷಮೆ ಬೇಡಿದೆನು. ಆ ದಂಪತಿಗಳು, ಬೆಳಗಿನ ಜಾವ ನಾಯಿಯನ್ನು ಹೊರಗೆ ಕರೆದೊಯ್ದಾಗ ಅದು ಇದ್ದಕ್ಕಿದ್ದಂತೆ ಎಳೆದು ಹಗ್ಗ ಹರಿದುಕೊಂಡು ಓಡಿತೆಂದೂ, ಅದು ಈವರೆಗೆ ಒಂದು ಕೋಳಿಯನ್ನೂ ಮುಟ್ಟಿದುದಲ್ಲವೆಂದೂ ಹೇಳಿದರು. ನಾನು ಕೇಳಲಿಲ್ಲ. ಮೂವತ್ತು ವರ್ಷ ಹುಡುಗರನ್ನು ಗದರಿಸಿದ ದನಿಯಲ್ಲಿಯೇ, ಇಂತಹ ಪ್ರಾಣಿಯನ್ನು ಕಟ್ಟಿಕೊಂಡು ಹಳ್ಳಿಗಳಿಗೆ ಬರಬೇಡಿರೆಂದು ಹೇಳಿ, ಒಂದು ಗಂಟೆಯೊಳಗೆ ಹೊರಡಿಸಿದೆನು. ಅವರ ಏಳು ವರ್ಷದ ಮಗಳು ಕಾರಿನ ಕಿಟಕಿಯಿಂದ ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆನು. ನನ್ನ ಹೆಂಡತಿ ಆ ದಿನ ನನ್ನೊಡನೆ ಮಾತನಾಡಲಿಲ್ಲ.

ಮಧ್ಯಾಹ್ನ ನೆರೆಯವನೇ ಬಂದು ನನ್ನನ್ನು ಕರೆದೊಯ್ದನು. ಹಿಂದಿನ ದಿನ ನೀರು ಹಾಯಿಸಿದ್ದ ಕಬ್ಬಿನ ಗದ್ದೆಯ ಕೆಸರಿನಲ್ಲಿ ಹೆಜ್ಜೆಗಳು ಅಚ್ಚೊತ್ತಿದಂತೆ ಬಿದ್ದಿದ್ದುವು. ದುಂಡನೆಯ ಹೆಜ್ಜೆ, ಉಗುರಿನ ಗುರುತಿಲ್ಲ. ನಾಯಿಯ ಹೆಜ್ಜೆಯಲ್ಲಿ ಉಗುರು ಮೂಡುತ್ತದೆ. ಬೆಕ್ಕಿನ ಜಾತಿಯವು ನಡೆಯುವಾಗ ಉಗುರನ್ನು ಒಳಕ್ಕೆ ಎಳೆದುಕೊಂಡಿರುತ್ತವೆ. ಹೆಜ್ಜೆಯ ಸಾಲು ಹಟ್ಟಿಯವರೆಗೆ ಬಂದು, ಬೇಲಿಯ ಬುಡದಿಂದ ದೊಡ್ಡ ನೆಗೆತದಲ್ಲಿ ಹಿಂದಿರುಗಿತ್ತು. ನಾಯಿಯ ಹೆಜ್ಜೆಗಳು ಅದರ ಹಿಂದೆ ಕಬ್ಬಿನ ಅಂಚಿನವರೆಗೂ ಹೋಗಿ ಮರಳಿದ್ದುವು. "ಚಿರತೆ ಕಣ್ ಮೇಷ್ಟ್ರೇ. ಆ ನಾಯಿ ಅದನ್ನ ಓಡಿಸದೆ. ಇಲ್ದಿದ್ರೆ ಇನ್ನೆರಡು ಕುರಿ ಓಯ್ತಿತ್ತು" ಎಂದನು. ಅರಣ್ಯ ಇಲಾಖೆಯವರು ಬಂದು ನೋಡಿ ಅದನ್ನೇ ಹೇಳಿದರು. ಕಾಡುಪ್ರಾಣಿಯಿಂದ ಸತ್ತ ಜಾನುವಾರಿಗೆ ಸರ್ಕಾರದ ಪರಿಹಾರವುಂಟು. ಅದು ಕೈಗೆ ಬಂದ ದಿನವೇ ನೆರೆಯವನು ನನ್ನ ಹನ್ನೆರಡು ಸಾವಿರವನ್ನು ಎಣಿಸಿ ಹಿಂದಕ್ಕೆ ಕೊಟ್ಟನು. ಬೇಡವೆಂದರೂ ಕೇಳಲಿಲ್ಲ.

ಭಾರತದ ಆದಿಪರ್ವದಲ್ಲಿ ಸರಮೆಯ ಕಥೆಯಿದೆ. ಜನಮೇಜಯನ ತಮ್ಮಂದಿರು ಯಾಗಶಾಲೆಗೆ ಬಂದ ನಾಯಿಮರಿಯೊಂದನ್ನು ಹೊಡೆದು ಅಟ್ಟಿದರು. ಅದು ಹವಿಸ್ಸನ್ನು ಮುಟ್ಟಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ತಾಯಿಯಾದ ಸರಮೆಯು ಬಂದು, ತಪ್ಪುಮಾಡದವನನ್ನು ಏಕೆ ಹೊಡೆದಿರೆಂದು ಕೇಳಿದಳು. ಉತ್ತರ ಹೇಳುವವರಿರಲಿಲ್ಲ. ಕಾಣದ ಭಯವೊಂದು ನಿಮಗೆ ಬಂದೊದಗಲೆಂದು ಶಪಿಸಿ ಹೋದಳು. ಈ ಕಥೆಯನ್ನು ನಾನು ಎಷ್ಟು ವರ್ಷ ಪಾಠ ಹೇಳಿದ್ದೆನೋ ಲೆಕ್ಕವಿಲ್ಲ. ಪ್ರಶ್ನಪತ್ರಿಕೆಯಲ್ಲಿ ಐದು ಅಂಕಗಳಿಗೆ ಕೇಳಿಯೂ ಇದ್ದೆನು.

ಫೋನಿನಲ್ಲಿ ಹೇಳಿ ಮುಗಿಸುವ ಮಾತು ಇದಲ್ಲವೆಂದು ಆ ದಂಪತಿಗಳಿಗೆ ಕಾಗದ ಬರೆದೆನು. ಬಾಡಿಗೆಯನ್ನು ಹಿಂದಕ್ಕೆ ಕಳುಹಿಸಿದೆನು. ಕೆಳಗೆ ಆ ಮಗುವಿಗೆಂದು ಬೇರೆಯಾಗಿ ನಾಲ್ಕು ಸಾಲು, ದೊಡ್ಡ ಅಕ್ಷರದಲ್ಲಿ, ತಪ್ಪು ತಾತನದು, ಬ್ರೂನೋನದಲ್ಲ ಎಂದು. ಎರಡು ತಿಂಗಳು ಉತ್ತರವಿಲ್ಲ. ಸಂಕ್ರಾಂತಿಯ ಹಿಂದಿನ ದಿನ ಕಾರು ಬಂದು ಗೇಟಿನ ಮುಂದೆ ನಿಂತಿತು. ಹುಡುಗಿ ಇಳಿಯಲಿಲ್ಲ, ನಾಯಿ ಇಳಿಯಿತು. ನೇರವಾಗಿ ನನ್ನ ಬಳಿಗೆ ಬಂದು, ಒಗೆದ ಪಂಚೆಗೆ ಎರಡೂ ಮುಂಗಾಲುಗಳನ್ನು ಒರಸಿತು. ಅದನ್ನು ನೋಡಿದ ಮೇಲೆ ಹುಡುಗಿಯೂ ಇಳಿದಳು.

ಬಂದವರು ಸುತ್ತಮುತ್ತ ನೋಡತಕ್ಕುದೇನೆಂದು ಕೇಳುವುದುಂಟು. ಮಳವಳ್ಳಿಯ ಕಡೆಯಿಂದ ಹೋದರೆ ಗಗನಚುಕ್ಕಿ. ಮಳೆಗಾಲದಲ್ಲಿ ಕಾವೇರಿ ತುಂಬಿ ಬಿದ್ದಾಗ ಎದುರಿನ ದಿಣ್ಣೆಯಲ್ಲಿ ನಿಂತವರ ಮುಖಕ್ಕೆ ಹನಿ ರಾಚುತ್ತದೆ. ಅಲ್ಲಿಯೇ 1902ರಲ್ಲಿ ವಿದ್ಯುತ್ತನ್ನು ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದುದೂ ಆ ನೀರಿನ ಬಲದಿಂದ. ಮುತ್ತತ್ತಿಯಲ್ಲಿ ಹೊಳೆಯ ದಡದ ಆಂಜನೇಯನಿದ್ದಾನೆ. ಆದರೆ ಅದು 1987ರಿಂದ ಕಾವೇರಿ ವನ್ಯಧಾಮದ ಸೀಮೆ, ನಾಯಿಗೆ ಪ್ರವೇಶವಿಲ್ಲ, ಅಲ್ಲಿಯ ಕೋತಿಗಳನ್ನು ನೋಡಿದರೆ ಇಲ್ಲದಿರುವುದೇ ನಾಯಿಗೂ ಕ್ಷೇಮ.

ಕೊಕ್ಕರೆಬೆಳ್ಳೂರಿನ ಮಾತು ಬೇರೆ. ಮದ್ದೂರು ತಾಲ್ಲೂಕಿನ ಆ ಹಳ್ಳಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಹುಣಿಸೆಯ, ಅತ್ತಿಯ, ಆಲದ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಜನರು ಅವುಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಮರದ ಫಲವನ್ನೂ ನೆಮ್ಮದಿಯ ನಿದ್ರೆಯನ್ನೂ ಅವಕ್ಕೆ ಬಿಟ್ಟುಕೊಟ್ಟಿದ್ದಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಹೆಜ್ಜಾರ್ಲೆ ಬಳಗದ ತರುಣರು ಆವರಣದಲ್ಲಿಟ್ಟು ಮೀನು ತಿನ್ನಿಸಿ ಸಾಕುತ್ತಾರೆ. 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಲಾಯಿತು. ನೆಲಕ್ಕೆ ಬಿದ್ದ ಮರಿಗೆ ನಾಯಿಯೇ ಯಮ. ಆದುದರಿಂದ ಅಲ್ಲಿಗೆ ಹೋಗುವವರು ತಮ್ಮ ನಾಯಿಯನ್ನು ನಮ್ಮಲ್ಲಿಯೇ ಬಿಟ್ಟುಹೋಗಬೇಕು. ಮನೆಯಾಕೆ ಅವುಗಳನ್ನು ಮಾವಿನ ಮರದ ನೆರಳಿನಲ್ಲಿ ಕೂಡಿಸಿಕೊಂಡು ಅಕ್ಕಿ ಆರಿಸುತ್ತಾಳೆ. ಉಣ್ಣೆ ಹೆಕ್ಕುವ ಕೆಲಸ ನನ್ನದು. ಕನ್ನಡಕ ಹಾಕಿಕೊಂಡು, ತಾಳೆಗರಿಯ ಓಲೆಯನ್ನು ಓದುವ ಏಕಾಗ್ರತೆಯಿಂದ ಮಾಡುತ್ತೇನೆಂದು ಆಕೆ ಹಾಸ್ಯ ಮಾಡುತ್ತಾಳೆ.

ಮಗಳ ಮನೆಗೆ ಹೋಗಿದ್ದಾಗೊಮ್ಮೆ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರಿನ ಕಲ್ಲನ್ನು ನೋಡಿ ಬಂದೆವು. ಆ ರಾತ್ರಿ ನಮ್ಮ ಪಡಸಾಲೆಯಲ್ಲಿ ಗೊರಕೆ ಹೊಡೆದ ಹಳದಿ ನಾಯಿಯನ್ನೂ ಮೊಮ್ಮಗಳು ಹಟಮಾಡಿ ಕಾರಿನಲ್ಲಿ ತಂದಿದ್ದಳು. ಅದನ್ನು ಒಳಗೆ ಕರೆದೊಯ್ಯುವುದು ಸಲ್ಲದಷ್ಟೆ. ನನ್ನ ಹೆಂಡತಿ ಅದನ್ನು ಹಿಡಿದುಕೊಂಡು ಹೊರಗೆ ಮರದ ಕೆಳಗೆ ಕುಳಿತಳು. ನಾನು ಮೊಮ್ಮಗಳಿಗೆ ಕಲ್ಲಿನ ಮೇಲಿನ ಚಿತ್ರವನ್ನು ತೋರಿಸಿದೆನು. ಹಂದಿಯು ಮೈ ತುಂಬಿ ನಿಂತಿದೆ. ನಾಯಿ ಅದರ ಮೇಲೆ ಎರಗಿದೆ. ಸಾವಿರದ ಎಪ್ಪತ್ತು ವರ್ಷಗಳಿಂದ ಇನ್ನೂ ಬಿಟ್ಟಿಲ್ಲ. ಮಣಲೆರನ ಕಥೆಯನ್ನೂ, ಗೊರವನಿಗೆ ವಿಧಿಸಿದ ಕಟ್ಟಳೆಯನ್ನೂ ಹೇಳಿದೆನು. ಅವಳು ಎಲ್ಲವನ್ನೂ ಕೇಳಿ, "ಆಮೇಲೆ ಮಣಲೆರ ಬೇರೆ ನಾಯಿ ತಂದನಾ, ತಾತ?" ಎಂದು ಕೇಳಿದಳು. ಶಾಸನದಲ್ಲಿ ಅದಿಲ್ಲವೆಂದೆನು.

ರಾತ್ರಿ ಮಗಳ ಮನೆಯಲ್ಲಿ ಎಲೆ ಹಾಕಿ, ಬಡಿಸಿ, ನಾನು ಪರಿಷೇಚನೆಗೆ ನೀರು ತೆಗೆದುಕೊಂಡಿದ್ದೆನು. ಮೊಮ್ಮಗಳು ಬಂದು ನನ್ನ ಕೈಹಿಡಿದಳು.

"ತಾತ, ಇನ್ನೂ ಅದಕ್ಕೆ ಹಾಕಿಲ್ಲ. ನೀನು ಮೊದಲು ಉಂಡರೆ ಪಾಪ ನಿನಗೆ ಬರುತ್ತದೆ."

ನನ್ನ ಹೆಂಡತಿ ತುಪ್ಪದ ಗಿಂಡಿಯನ್ನು ಕೆಳಗಿಟ್ಟು ನನ್ನ ಮುಖವನ್ನು ನೋಡಿದಳು. ನಾನು ನೀರನ್ನು ಲೋಟಕ್ಕೆ ಬಿಟ್ಟು, ಎದ್ದು, ಅದರ ತಟ್ಟೆ ಎಲ್ಲಿದೆಯೆಂದು ಕೇಳಿದೆನು.